ದೋರಸಮುದ್ರದ ಕಂತಿ: ಹೆಸರೋ, ಪದವಿಯೋ?

ಅಭಿನವ ಪಂಪನೆನಿಸಿದ ನಾಗಚಂದ್ರನು ಅರ್ಧಕ್ಕೆ ನಿಲ್ಲಿಸಿದ ಪದ್ಯವನ್ನು ಒಡನೆಯೇ ಪೂರೈಸಿದವಳೆಂದು ಕನ್ನಡ ಸಾಹಿತ್ಯ ಚರಿತ್ರೆಯು ಕಂತಿಯನ್ನು ನೆನೆಯುತ್ತದೆ. ಇಂದಿನ ಹಳೇಬೀಡಾದ ದೋರಸಮುದ್ರದಲ್ಲಿ, ಒಂದನೆಯ ಬಲ್ಲಾಳನ ಆಸ್ಥಾನದಲ್ಲಿ, ಕ್ರಿ.ಶ. 1100ರ ಸುಮಾರಿಗೆ ಈ ಪಂಥ ನಡೆಯಿತೆಂಬುದು ಪ್ರತೀತಿ. ಆದರೆ ಪ್ರತೀತಿಗೆ ಆಧಾರ ನಾಗಚಂದ್ರನ ಕಾವ್ಯಗಳಲ್ಲ. ಕಂತಿಯನ್ನು ‘ಅಭಿನವ ವಾಗ್ದೇವಿ’ಯೆಂದು ಕೊಂಡಾಡಿದ ಬಾಹುಬಲಿ ಕವಿಯ ‘ನಾಗಕುಮಾರ ಚರಿತೆ’ ಸುಮಾರು 1560ರದು. ಅವಳ ಕಥೆಯನ್ನು ವಿಸ್ತರಿಸಿದ ದೇವಚಂದ್ರನ ‘ರಾಜಾವಳೀ ಕಥೆ’ಯಂತೂ 1838ರದು. ಏಳು ಶತಮಾನಗಳಿಗೂ ಮಿಕ್ಕ ಅಂತರದಲ್ಲಿ ಕಥೆ ಬೆಳೆಯದೆ ಇದ್ದೀತೆ?

ಬೆಳೆದ ಪರಿಯೂ ಸ್ವಾರಸ್ಯವಾಗಿದೆ. ಬುದ್ಧಿವರ್ಧನೆಗೆಂದು ಸಿದ್ಧಪಡಿಸಿದ್ದ ಜ್ಯೋತಿಷ್ಮತೀ ತೈಲವನ್ನು ಕಂತಿಯು ಕುಡಿದು, ಉರಿಯನ್ನು ತಾಳಲಾರದೆ ಬಾವಿಗೆ ಬಿದ್ದು, ಅಲ್ಲಿಂದಲೇ ಕವಿತ್ವವನ್ನು ಪಡೆದಳಂತೆ. (ಹೆಣ್ಣು ಓದಿ ಪಂಡಿತೆಯಾದಳೆಂದರೆ ನಂಬದವರೂ ಎಣ್ಣೆ ಕುಡಿದು ಆದಳೆಂದರೆ ನಂಬುತ್ತಾರೆ!) ಎಂದೂ ತನ್ನನ್ನು ಹೊಗಳದಿದ್ದ ಅವಳಿಂದ ಸ್ತುತಿಯನ್ನು ಪಡೆಯಲು ನಾಗಚಂದ್ರನು ಸತ್ತಂತೆ ನಟಿಸಿದನೆಂಬುದು ಇನ್ನೊಂದು ಕಥೆ. ಅವಳು ಬಂದು ಶೋಕಿಸಿ ಕೊಂಡಾಡಿದಾಗ ಎದ್ದು ಕುಳಿತನಂತೆ. ಮಹಾಕವಿಯೊಬ್ಬನು ಬಯಸಿ ಕಾದ ಮೆಚ್ಚುಗೆ ಅದು, ಮೆಚ್ಚಬೇಕಾದವಳು ಯಾರು?

ತೊಡಕಿರುವುದು ಹೆಸರಿನಲ್ಲಿ. ‘ಕಂತಿ’ ಎಂದರೆ ಜೈನ ಸಂನ್ಯಾಸಿನಿ. ಶ್ರವಣಬೆಳಗೊಳದ ಸುಮಾರು 700ರ ಶಾಸನಗಳಲ್ಲಿ ‘ನಾಗಮತಿ ಗಂತಿಯರ್’ ಎಂಬ ಪ್ರಯೋಗವಿದೆ. ಅಲ್ಲಿ ನಾಗಮತಿ ಎಂಬುದು ಹೆಸರು, ಗಂತಿ ಎಂಬುದು ಪದವಿ. ದೋರಸಮುದ್ರದವಳ ವಿಷಯದಲ್ಲಿ ಪದವಿ ಉಳಿದು ಹೆಸರು ಅಳಿದಿದೆ. ಇದರಿಂದ ಅವಳು ಕೇವಲ ಕಲ್ಪನೆಯೆಂದು ತೀರ್ಮಾನಿಸುವುದು ಸಲ್ಲದು. ಕಥೆಗಾರನು ಹೊಸದಾಗಿ ಸೃಷ್ಟಿಸಿದ್ದರೆ ಇಂಪಾದ ಹೆಸರೊಂದನ್ನೂ ಇಡುತ್ತಿದ್ದನು. ವಿದುಷಿಯಾದ ಸಂನ್ಯಾಸಿನಿಯೊಬ್ಬಳ ನೆನಪು ಈ ಕಥೆಗಳ ಹಿಂದಿರಬೇಕೆಂದು ಊಹಿಸುವುದೇ ಯುಕ್ತ. 1117ರಲ್ಲಿ ಬೇಲೂರಿನ ದೇಗುಲವನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನ ಅರಸಿ ಶಾಂತಲೆಯ ಗೀತ ನೃತ್ಯ ನೈಪುಣ್ಯವನ್ನು ಶಾಸನಗಳು ಹೊಗಳಿವೆ. ಅರಮನೆಯವಳಲ್ಲದ ಕಂತಿಗೆ ಆ ಭಾಗ್ಯ ದೊರೆಯಲಿಲ್ಲ.

ಅದೇ ಶತಮಾನದ ಶರಣೆಯರ ಸ್ಥಿತಿ ಬೇರೆ. ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿಯುಳ್ಳ ಹರಿಹರನು ಮಹಾದೇವಿಯಕ್ಕನನ್ನು ಕುರಿತು ರಗಳೆಯನ್ನೇ ರಚಿಸಿದನು. ಸೂಳೆ ಸಂಕವ್ವೆಯದಾಗಿ ಉಳಿದಿರುವುದು ಒಂದೇ ವಚನ. ಆದರೂ ‘ನಿರ್ಲಜ್ಜೇಶ್ವರ’ ಎಂಬ ಅಂಕಿತವು ಅದು ಅವಳದೇ ಎಂದು ಸಾರುತ್ತಿದೆ. ಕಂತಿಯ ಪದ್ಯಗಳೆನ್ನುವವುಗಳಿಗೆ ಅಂಥ ಮುದ್ರೆಯಿಲ್ಲ. ‘ಕಂತಿ ಹಂಪನ ಸಮಸ್ಯೆಗಳ’ಲ್ಲಿ ಸಮಸ್ಯೆಯನ್ನು ಒಡ್ಡುವವನು ಹಂಪ, ಪೂರೈಸುವವಳು ಕಂತಿ. ಆದುದರಿಂದ ಆ ಪದ್ಯಗಳನ್ನು ಅವಳ ಕೃತಿಯೆಂದು ಎಣಿಸುವುದಕ್ಕಿಂತ, ಪಂಡಿತಗೋಷ್ಠಿಗಳಲ್ಲಿ ಬೆಳೆದುಬಂದ ಸಮಸ್ಯಾಪೂರಣಗಳೆಂದು ತಿಳಿಯುವುದು ಲೇಸು.