ಲೂಯಿ ಕಾನ್: ಕಟ್ಟಿಸಿದವರು ಒಬ್ಬರು, ಉಳಿಸಿಕೊಂಡವರು ಇನ್ನೊಬ್ಬರು

ಒಂದು ದೇಶ ಕಟ್ಟಿಸಲು ತೊಡಗಿದ ಶಾಸನಸಭಾ ಭವನ, ಪೂರ್ಣಗೊಳ್ಳುವ ವೇಳೆಗೆ ಇನ್ನೊಂದು ದೇಶದ ಸಂಸತ್ತಾಗಿತ್ತು. ಇಂಥ ಉದಾಹರಣೆ ಇತಿಹಾಸದಲ್ಲಿ ಅಪರೂಪ. ಬಾಂಗ್ಲಾದೇಶದ ರಾಜಧಾನಿ ಢಾಕಾದಲ್ಲಿರುವ ಆ ಭವನವನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್. 20ನೆಯ ಶತಮಾನದ ಶ್ರೇಷ್ಠ ವಾಸ್ತುಶಿಲ್ಪಿಗಳಲ್ಲಿ ಅವರೊಬ್ಬರು. ಆದರೆ ಆ ಶ್ರೇಷ್ಠತೆ ಅವರಿಗೆ ಬೇಗ ಒಲಿದು ಬಂದದ್ದಲ್ಲ.

ಕಾನ್ ಹುಟ್ಟಿದ್ದು 1901ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯಾದಲ್ಲಿ. ಎಳವೆಯಲ್ಲೇ ಉರಿಯುವ ಕೆಂಡದಿಂದ ಮುಖ ಸುಟ್ಟುಕೊಂಡರು. ಆ ಕಲೆ ಕೊನೆಯವರೆಗೂ ಉಳಿಯಿತು. ಬಡ ಯಹೂದಿ ಕುಟುಂಬ ಜೀವನೋಪಾಯಕ್ಕಾಗಿ ಅಮೆರಿಕದ ಫಿಲಡೆಲ್ಫಿಯಾ ನಗರವನ್ನು ಸೇರಿತು. ಹುಡುಗ ಮೂಕಿ ಚಿತ್ರಗಳ ಚಿತ್ರಮಂದಿರಗಳಲ್ಲಿ ಪಿಯಾನೋ ನುಡಿಸಿ ಹಣ ಸಂಪಾದಿಸುತ್ತ ಓದಿದ. 1924ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದ.

ಪದವಿಯೇನೋ ಬಂತು, ಕೆಲಸ ನಿಲ್ಲಲಿಲ್ಲ. 1929ರ ಅನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕಟ್ಟಡ ಕಟ್ಟಿಸುವವರೇ ಇಲ್ಲವಾದರು. ಕಾನ್ ತಮ್ಮಂತೆಯೇ ನಿರುದ್ಯೋಗಿಗಳಾಗಿದ್ದ ವಾಸ್ತುಶಿಲ್ಪಿಗಳನ್ನು ಕೂಡಿಸಿಕೊಂಡು ಬಡವರ ವಸತಿಯ ಬಗ್ಗೆ ಅಧ್ಯಯನ ನಡೆಸಿದರು. ಮುಂದೆ ಕಾರ್ಮಿಕರ ಬಡಾವಣೆಗಳಿಗೆ ನಕ್ಷೆ ಹಾಕಿದರು, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಐವತ್ತರ ಹೊಸ್ತಿಲಲ್ಲಿ, 1950-51ರಲ್ಲಿ, ರೋಮ್ ನಗರದಲ್ಲಿ ಕೆಲಕಾಲ ನೆಲೆಸಿ, ಗ್ರೀಸ್ ಮತ್ತು ಈಜಿಪ್ಟ್ ದೇಶಗಳ ಪ್ರಾಚೀನ ಅವಶೇಷಗಳನ್ನು ಕಂಡು ಬಂದರು. ಅಲಂಕಾರವೆಲ್ಲ ಉದುರಿಹೋದ ಮೇಲೂ ಆ ಗೋಡೆಗಳು ಗಾಂಭೀರ್ಯ ಕಳೆದುಕೊಂಡಿರಲಿಲ್ಲ. ದಪ್ಪ ಗೋಡೆ, ಸರಳ ಆಕಾರ, ಒಳಗೆ ಬೀಳುವ ಬೆಳಕು: ಇವೇ ಮುಂದೆ ಅವರ ವಾಸ್ತುವಿನ ತಿರುಳಾದವು.

ಆ ಬಳಿಕ ಒಂದರ ಹಿಂದೊಂದು ಮಹತ್ವದ ಕೆಲಸಗಳು ಬಂದವು. 1953ರಲ್ಲಿ ಯೇಲ್ ಕಲಾ ಗ್ಯಾಲರಿ ಪೂರ್ಣಗೊಂಡಿತು. ಪೋಲಿಯೋ ಲಸಿಕೆಯ ವಿಜ್ಞಾನಿ ಜೋನಸ್ ಸಾಲ್ಕ್ ಅವರಿಗಾಗಿ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ರೂಪಿಸಿದರು. ಅಲ್ಲಿ ಪ್ರಯೋಗಾಲಯದ ಅಂತಸ್ತುಗಳ ನಡುವೆ ಕೊಳವೆ, ತಂತಿಗಳಿಗೆಂದೇ ಪ್ರತ್ಯೇಕ ಅಂತಸ್ತುಗಳಿವೆ. ವಿಜ್ಞಾನ ಬದಲಾದಂತೆ ಕೆಳಗಿನ ಕೋಣೆಗಳನ್ನು ಕೆಡವದೆ ಈ ಕೊಳವೆ ತಂತಿಗಳನ್ನು ಬದಲಿಸಬಹುದು.

ಇದೇ ಕಾಲಕ್ಕೆ ಪಾಕಿಸ್ತಾನದಲ್ಲಿ ಬೇರೊಂದು ಲೆಕ್ಕಾಚಾರ ನಡೆದಿತ್ತು. ಅಧಿಕಾರವೆಲ್ಲ ಪಶ್ಚಿಮ ಭಾಗದ ಕೈಯಲ್ಲಿದೆ ಎಂಬ ಅಸಮಾಧಾನ ಪೂರ್ವ ಪಾಕಿಸ್ತಾನದ ಬಂಗಾಳಿಗಳಲ್ಲಿ ಬೆಳೆಯುತ್ತಿತ್ತು. ಅವರನ್ನು ಸಮಾಧಾನಪಡಿಸಲು ಸೇನಾಡಳಿತಗಾರ ಅಯೂಬ್ ಖಾನ್ ಸರ್ಕಾರ ಢಾಕಾವನ್ನು ಎರಡನೆಯ ರಾಜಧಾನಿಯಾಗಿಸಲು ತೀರ್ಮಾನಿಸಿತು. ಈ ಕೆಲಸ ಮೊದಲು ಬಂದದ್ದು ಬಂಗಾಳದವರೇ ಆದ ವಾಸ್ತುಶಿಲ್ಪಿ ಮಝರುಲ್ ಇಸ್ಲಾಂ ಅವರ ಬಳಿಗೆ. ಅವರು ತಮ್ಮ ಅವಕಾಶವನ್ನು ಬಿಟ್ಟುಕೊಟ್ಟು, ಜಗತ್ತಿನ ಶ್ರೇಷ್ಠರೊಬ್ಬರನ್ನು ಕರೆಸಬೇಕೆಂದು ಸಲಹೆ ಮಾಡಿದರು. ಹೀಗೆ 1962ರಲ್ಲಿ ಈ ಹೊಣೆ ಕಾನ್ ಅವರಿಗೆ ಬಂತು. ಈ ತ್ಯಾಗವನ್ನು ಮರೆತರೆ ಭವನದ ಕಥೆ ಅಪೂರ್ಣವಾಗುತ್ತದೆ.

ನೆರೆ ಬರುವ, ಮಳೆ ಸುರಿಯುವ ಮುಖಜ ಭೂಮಿಯಲ್ಲಿ ಕಾನ್ ನೀರನ್ನು ದೂರವಿಡಲಿಲ್ಲ. ಭವನದ ಸುತ್ತ ಸರೋವರವನ್ನೇ ತೋಡಿಸಿದರು. ನಡುವೆ ಸಭಾಂಗಣ, ಅದನ್ನು ಸುತ್ತುವರಿದು ಎಂಟು ಭಾಗಗಳು. ಹೊರಗೋಡೆಗಳಲ್ಲಿ ವೃತ್ತ, ತ್ರಿಕೋನಗಳ ಭಾರಿ ತೆರಪುಗಳು. ಬಿಸಿಲು ಮಳೆಗಳನ್ನು ಹೊರಗೋಡೆ ತಡೆಯುತ್ತದೆ, ಬೆಳಕು ಸೌಮ್ಯವಾಗಿ ಒಳಗೆ ಇಳಿಯುತ್ತದೆ. ಬಿದಿರಿನ ಸಾರುವೆ ಹತ್ತಿ, ಕಾಂಕ್ರೀಟನ್ನು ತಲೆಯ ಮೇಲೆ ಹೊತ್ತು ಕೂಲಿಕಾರರು ಈ ಗೋಡೆಗಳನ್ನು ಎಬ್ಬಿಸಿದರು. ಒಂದು ದಿನಕ್ಕೆ ಸುಮಾರು ಐದಡಿ ಎತ್ತರ ಮಾತ್ರ ಸುರಿಯಲು ಸಾಧ್ಯವಾಗುತ್ತಿತ್ತು. ದಿನದಿನದ ಆ ಜೋಡಣೆಯ ಗೆರೆಯನ್ನು ಮರೆಮಾಚುವ ಬದಲು ಕಾನ್ ಅಲ್ಲಿ ಬಿಳಿಯ ಅಮೃತಶಿಲೆಯ ಪಟ್ಟಿ ಕೂರಿಸಿದರು. ಇಂದಿಗೂ ಗೋಡೆಯ ಮೇಲೆ ಆ ಪಟ್ಟಿಗಳನ್ನು ಎಣಿಸಿದರೆ ಕೂಲಿಕಾರರ ದುಡಿಮೆಯನ್ನೇ ಎಣಿಸಿದಂತೆ.

1971ರಲ್ಲಿ ವಿಮೋಚನಾ ಯುದ್ಧ ಆರಂಭವಾಗಿ ಕೆಲಸ ನಿಂತಿತು. ಕಟ್ಟಿಸಲು ಹೊರಟ ಸರ್ಕಾರವೇ ಅಲ್ಲಿ ಇಲ್ಲವಾಯಿತು. ಅಯೂಬ್ ನಗರವೆಂದಿದ್ದ ಆ ಪ್ರದೇಶ, ಬಂಗಾಳದ ನಾಯಕ ಫಜ್ಲುಲ್ ಹಕ್ ಅವರ ಬಿರುದಿನಿಂದ ಶೇರ್-ಎ-ಬಾಂಗ್ಲಾ ನಗರವಾಯಿತು. ಯುದ್ಧದಿಂದ ಜರ್ಜರಿತವಾಗಿದ್ದ ಹೊಸ ದೇಶ ಈ ದುಬಾರಿ ಭವನವನ್ನು ಕೈಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅದು ಭವನವನ್ನು ತನ್ನದೆಂದು ಒಪ್ಪಿಕೊಂಡು ಮುಂದುವರಿಸಿತು.

ಪೂರ್ಣಗೊಂಡ ಭವನವನ್ನು ಕಾನ್ ನೋಡಲಿಲ್ಲ. 1962ರಲ್ಲೇ, ಬಾಲಕೃಷ್ಣ ದೋಶಿಯವರ ಪ್ರಯತ್ನದಿಂದ, ಅಹಮದಾಬಾದಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಕೆಲಸವೂ ಅವರಿಗೆ ಬಂದಿತ್ತು. ಅಲ್ಲಿಗೆ ಬಂದು ಹಿಂತಿರುಗುವಾಗ, 1974ರ ಮಾರ್ಚ್ 17ರಂದು, ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮನೆಯವರಿಗೆ ಸುದ್ದಿ ಮುಟ್ಟಲು ಎರಡು ದಿನವಾಯಿತು. ಅವರ ಕಚೇರಿ ಸಾಲದಲ್ಲಿ ಮುಳುಗಿತ್ತು.

ಢಾಕಾದ ಭವನ 1982ರಲ್ಲಿ ಪೂರ್ಣಗೊಂಡು ಅಧಿವೇಶನ ಸೇರಿತು. ಅದೇ ವರ್ಷದ ಮಾರ್ಚ್‌ನಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡಿತು! 1989ರಲ್ಲಿ ಈ ಭವನಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. 2024ರ ಆಗಸ್ಟ್ 5ರಂದು ಸರ್ಕಾರ ಉರುಳಿದಾಗ ಜನಸಮೂಹ ಇದರೊಳಕ್ಕೇ ನುಗ್ಗಿತು. ಎಷ್ಟೇ ಭವ್ಯವಾದ ಸಂಸತ್ ಭವನವೂ ತಾನಾಗಿಯೇ ಪ್ರಜಾಪ್ರಭುತ್ವವನ್ನು ಕಾಪಾಡಲಾರದು ಎಂಬುದನ್ನು ಈ ಘಟನೆಗಳು ತೋರಿಸುತ್ತವೆ.

ಉಳಿಸಿಕೊಳ್ಳುವ ಪ್ರಶ್ನೆ ನಮ್ಮ ದೇಶದಲ್ಲಿಯೂ ಎದ್ದಿತು. ಅಹಮದಾಬಾದಿನಲ್ಲಿ ಕಾನ್ ರೂಪಿಸಿದ ಇಟ್ಟಿಗೆಯ ವಿದ್ಯಾರ್ಥಿ ನಿಲಯಗಳು ನೀರು ಸೋರಿಕೆಯಿಂದಲೂ 2001ರ ಭೂಕಂಪದಿಂದಲೂ ಹಾಳಾಗಿದ್ದವು. ಬಹುಪಾಲು ನಿಲಯಗಳನ್ನು ಕೆಡವುವ ವಿಚಾರ 2020ರ ಡಿಸೆಂಬರಿನಲ್ಲಿ ಹೊರಬಿದ್ದಾಗ ಜಗತ್ತಿನೆಲ್ಲೆಡೆಯಿಂದ ವಿರೋಧ ಬಂತು. ಸಂಸ್ಥೆ ಅದನ್ನು ಕೈಬಿಟ್ಟಿತು. ಆದರೆ 2022ರಲ್ಲಿ, ಸುರಕ್ಷತೆಯ ಕಾರಣದಿಂದ ಪುನರ್ನಿರ್ಮಾಣ ಅನಿವಾರ್ಯವೆಂದು ಮತ್ತೆ ಪ್ರಕಟಿಸಿತು. ವಾಸಿಸುವ ವಿದ್ಯಾರ್ಥಿಯ ತಲೆಯ ಮೇಲಿನ ಸೂರು ಮುಖ್ಯವೋ, ಪರಂಪರೆ ಮುಖ್ಯವೋ? ಎರಡು ಮಾತಿನಲ್ಲೂ ಹುರುಳಿದೆ. ಅಲ್ಲಿಯದೇ ಗ್ರಂಥಾಲಯವನ್ನು ದುರಸ್ತಿ ಮಾಡಿ ಉಳಿಸಿಕೊಂಡದ್ದಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದುದನ್ನೂ ಇಲ್ಲಿ ನೆನೆಯಬೇಕು.

ಕಾನ್ ಜೊತೆ ದುಡಿದ ದೋಶಿಯವರೇ ಮುಂದೆ ಬೆಂಗಳೂರಿನ ಆಡಳಿತ ನಿರ್ವಹಣಾ ಸಂಸ್ಥೆಯನ್ನು ರೂಪಿಸಿದರು. ಅಹಮದಾಬಾದಿನಲ್ಲಿ ಇಟ್ಟಿಗೆ, ಇಲ್ಲಿ ನಮ್ಮ ನೆಲದ ಒರಟು ಕಲ್ಲು, ಬಳ್ಳಿ ಹಬ್ಬಿದ ನಡುಹಾದಿ. ಬನ್ನೇರುಘಟ್ಟ ರಸ್ತೆಯ ಕಡೆ ಹೋಗುವ ವಿದ್ಯಾರ್ಥಿಗಳು ಅವಕಾಶವಾದರೆ ಅದನ್ನು ನೋಡಬೇಕು. ವಾಸ್ತುಶಿಲ್ಪಿ ನಕ್ಷೆ ಬರೆದುಕೊಟ್ಟು ಹೋಗುತ್ತಾನೆ, ಕಟ್ಟಿಸಿದವರೂ ಹೋಗುತ್ತಾರೆ. ಕಟ್ಟಡದ ಮುಂದಿನ ಇತಿಹಾಸ ಬರೆಯುವವರು ಅದರಲ್ಲಿ ಬಾಳುವ ಜನ.