ಚುಕ್ಕಿಗಳಲ್ಲಿ ಮೂಡಿದ ಕನ್ನಡ

ಗಣಕದಲ್ಲಿ ಕನ್ನಡ ಬೆಳೆದ ಕಥೆ ಹೇಳುವಾಗ ಕೀಲಿಮಣೆಯ ಮಾತು ಬರುತ್ತದೆ, ಪರದೆಯ ಮಾತು ಬರುತ್ತದೆ. ಆದರೆ ಕಚೇರಿಗೆ ಬಂದ ಕೃಷಿಕರ ಕೈಗೆ ಸಿಗುವುದು ಕಾಗದ. ಅದರಲ್ಲಿ ಅವರ ಊರಿನ ಹೆಸರು ಅವರ ಲಿಪಿಯಲ್ಲೇ ಮೂಡಬೇಕಾದರೆ ಡಾಟ್ ಮ್ಯಾಟ್ರಿಕ್ಸ್ ಎಂಬ ಗದ್ದಲದ ಮುದ್ರಕವನ್ನು ಮೊದಲು ಒಲಿಸಿಕೊಳ್ಳಬೇಕಾಗಿತ್ತು.

1980ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆಯ ಎಂಎಕ್ಸ್-80 ಮುದ್ರಕ ಮಾರುಕಟ್ಟೆಗೆ ಬಂತು. ಅದರ ತಲೆಯಲ್ಲಿ ಒಂದರ ಕೆಳಗೊಂದರಂತೆ ಒಂಬತ್ತು ಸೂಜಿಗಳಿದ್ದವು. ಅವು ರಿಬ್ಬನ್ನಿನ ಮೇಲೆ ಬಡಿದಾಗ ಕಾಗದದಲ್ಲಿ ಚುಕ್ಕಿ ಮೂಡುತ್ತಿತ್ತು. ಗಣಕ ಮುದ್ರಕಕ್ಕೆ ಕಳಿಸುವುದು ಬರೀ ಸಂಖ್ಯೆಗಳನ್ನು. 65 ಎಂದರೆ ಇಂಗ್ಲಿಷಿನ ‘ಎ’. 32ಕ್ಕಿಂತ ಕೆಳಗಿನವು ಅಕ್ಷರಗಳಲ್ಲ, ಅಪ್ಪಣೆಗಳು. 10 ಬಂದರೆ ಕಾಗದ ಒಂದು ಸಾಲು ಸರಿಯುತ್ತದೆ. 15 ಬಂದರೆ ಅಕ್ಷರಗಳು ಕಿರಿದಾಗುತ್ತವೆ. 27, ಅಂದರೆ ‘ಎಸ್ಕೇಪ್’ ಬಂದರೆ, ಅದರ ಹಿಂದೆಯೇ ಇನ್ನೊಂದು ಅಪ್ಪಣೆ ಬರುತ್ತದೆ. 27, 69 ದಪ್ಪಕ್ಷರಕ್ಕೆ. 27, 64 ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರಲು. ಎಪ್ಸನ್ನಿನ ಈ ಸಂಕೇತಗಳನ್ನೇ ಬೇರೆ ಅನೇಕ ತಯಾರಕರೂ ಅನುಸರಿಸಿದರು.

ಇಂಥ ಮುದ್ರಕಗಳ ಸ್ಮೃತಿಯಲ್ಲಿ ಕನ್ನಡ ಇರಲಿಲ್ಲ. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿ ಕ 179, ಡ 191, ಬ 202. ಆದರೆ ಎಪ್ಸನ್ ಮಾದರಿಯ ಮುದ್ರಕಗಳ ಒಂದು ಕೋಷ್ಟಕದಲ್ಲಿ 160ರ ಮೇಲಿನ ಜಾಗ ಇಂಗ್ಲಿಷಿನ ಓರೆ ಅಕ್ಷರಗಳದು. ಅಲ್ಲಿಗೆ ‘ಕಡಬ’ ಎಂದು ನೇರವಾಗಿ ಕಳಿಸಿದರೆ ಕಾಗದದಲ್ಲಿ ಕಾಣುವುದು ಓರೆಯಾದ ಒಂದು 3, ಒಂದು ಪ್ರಶ್ನಾರ್ಥಕ ಚಿಹ್ನೆ, ಇಂಗ್ಲಿಷಿನ ಒಂದು ‘ಜೆ’. ಯಂತ್ರ ಕೆಟ್ಟಿಲ್ಲ, ಅದು ತನಗೆ ತಿಳಿದದ್ದನ್ನು ನಿಷ್ಠೆಯಿಂದ ಮುದ್ರಿಸಿದೆ.

ಇದಕ್ಕೆ ಕಂಡುಕೊಂಡ ಉಪಾಯ, ಕನ್ನಡವನ್ನು ಚಿತ್ರವಾಗಿ ಕಳಿಸುವುದು. 27, 75 ಎಂಬ ಅಪ್ಪಣೆ, ಅನಂತರ ಎಷ್ಟು ಕಂಬಸಾಲು ಎಂಬ ಲೆಕ್ಕ, ಅನಂತರ ಪ್ರತಿ ಕಂಬಸಾಲಿಗೆ ಒಂದು ಸಂಖ್ಯೆ. ಲೆಕ್ಕಕ್ಕಿಂತ ಕಡಿಮೆ ಬಂದರೆ ಮುಂದಿನ ಅಕ್ಷರಗಳೂ ಚುಕ್ಕಿಗಳಾಗಿಬಿಡುತ್ತವೆ. ಹೆಚ್ಚು ಬಂದರೆ ಉಳಿದ ಚುಕ್ಕಿಗಳು ಅರ್ಥವಿಲ್ಲದ ಅಕ್ಷರಗಳಾಗುತ್ತವೆ.

ಕನ್ನಡಕ್ಕೆ ಇನ್ನೂ ಒಂದು ತೊಡಕಿತ್ತು. ತಲೆಯ ಒಂದು ಓಟದಲ್ಲಿ ಎಂಟು ಚುಕ್ಕಿಗಳ ಎತ್ತರ ಮಾತ್ರ ಸಿಗುತ್ತದೆ. ‘ಪುತ್ತೂರು’ ಎನ್ನುವಾಗ ತಕಾರದ ಒತ್ತು, ‘ಸುಳ್ಯ’ ಎನ್ನುವಾಗ ಯಕಾರದ ಒತ್ತು ಕೆಳಗಿನ ಓಟಕ್ಕೆ ಇಳಿಯಬೇಕು. ಎಂಟು ಚುಕ್ಕಿಗಳ ಎತ್ತರ ಅಂಗುಲದ ಒಂಬತ್ತನೆಯ ಒಂದು ಭಾಗ. ಸಾಲುಗಳ ಮಾಮೂಲಿನ ಅಂತರ ಆರನೆಯ ಒಂದು ಭಾಗ. ಅಂತರವನ್ನು ಕುಗ್ಗಿಸುವ 27, 51, 24 ಎಂಬ ಅಪ್ಪಣೆ ತಪ್ಪಿದರೆ ನಡುವೆ ಬಿಳಿಯ ಪಟ್ಟಿ ಬಿದ್ದು ಅಕ್ಷರ ಮೇಲೆ, ಒತ್ತು ಕೆಳಗೆ ಬೇರೆಯಾಗುತ್ತದೆ.

ಡಾಸ್ ವ್ಯವಸ್ಥೆಯೂ ತನ್ನ ಪಾಲಿನ ಕಾಟ ಕೊಟ್ಟಿತು. ಅದರ ಪ್ರಕಾರ 26 ಎಂದರೆ ಕಡತ ಮುಗಿಯಿತು. ಚಿತ್ರದ ಸಂಖ್ಯೆಗಳಲ್ಲಿ 26 ಬಂದರೆ, ‘ಕಾಪಿ’ ಆಜ್ಞೆಗೆ ‘/ಬಿ’ ಸೇರಿಸದೆ ಕಳಿಸಿದ ಪುಟ ಅಲ್ಲಿಗೇ ನಿಂತುಹೋಗುತ್ತಿತ್ತು. ತಪ್ಪು ಹುಡುಕಲು ಒಂದು ದಾರಿಯೂ ಇತ್ತು: ಎಪ್ಸನ್ನಿನ ಅನೇಕ ಮಾದರಿಗಳಲ್ಲಿ ಲೈನ್ ಫೀಡ್, ಫಾರ್ಮ್ ಫೀಡ್ ಗುಂಡಿಗಳನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಮುದ್ರಕ ಅಪ್ಪಣೆಗಳನ್ನು ಪಾಲಿಸದೆ ತನಗೆ ಬಂದ ಸಂಖ್ಯೆಗಳನ್ನೇ ಮುದ್ರಿಸಿ ತೋರಿಸುತ್ತಿತ್ತು.

ಈ ಇತಿಹಾಸದಲ್ಲಿ ಪುತ್ತೂರು ಸೀಮೆಯ ಹೆಸರೊಂದು ಉಳಿದಿದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಡಾಸ್ ಕಾಲದಲ್ಲಿ ರೂಪಿಸಿದ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಅದು ‘ಕನ್ನಡ ವರ್ಣಗಳು’ ಗ್ರಂಥ ಬರೆದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪು. ರಾವ್ ಅವರ ಕೀಲಿಮಣೆಯಲ್ಲಿ ನಾವು ಉಚ್ಚಾರದ ಕ್ರಮದಲ್ಲಿ ವ್ಯಂಜನ, ಸ್ವರಗಳನ್ನು ಒತ್ತಿದರೆ ಸಾಕು. ಕಾಗುಣಿತ, ಒತ್ತುಗಳ ರೂಪವನ್ನು ಗಣಕವೇ ಕೂಡಿಸುತ್ತದೆ. ವರ್ಣವನ್ನು ಅದರ ಆಕಾರದಿಂದ ಬೇರೆಯಾಗಿ ನೋಡುವ ಈ ವ್ಯಾಕರಣದ ತಿಳಿವು ಇಲ್ಲದೆ ಕೇವಲ ಸೂಜಿ, ರಿಬ್ಬನ್ನುಗಳಿಂದ ಕನ್ನಡ ಮೂಡುತ್ತಿರಲಿಲ್ಲ.

ಇಂದು ಯೂನಿಕೋಡಿನಲ್ಲಿ ‘ಕ’ ಎಂದರೆ ಎಲ್ಲ ದೇಶಗಳಲ್ಲೂ 3221. ಪಾಸ್‌ಬುಕ್ಕಿಗೆ, ಹಲವು ಪ್ರತಿಗಳ ಬಿಲ್ಲಿಗೆ ಸೂಜಿಯ ಮುದ್ರಕಗಳು ಇನ್ನೂ ಬಳಕೆಯಲ್ಲಿವೆ. ಅಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಬಂದರೆ ‘ಯಂತ್ರಕ್ಕೆ ಕನ್ನಡ ಬರುವುದಿಲ್ಲ’ ಎಂಬ ಉತ್ತರವನ್ನು ವೀಕ್ಷಕರು ಒಪ್ಪಬೇಕಾಗಿಲ್ಲ. ಯಂತ್ರಕ್ಕೆ ಯಾವ ಭಾಷೆಯೂ ಬರುವುದಿಲ್ಲ. ಕಲಿಸಿದರೆ ಎಲ್ಲವೂ ಬರುತ್ತದೆ.