ಮುಂದಿನ ಗಾಡಿಯ ಹಿಂದಿನ ದೀಪ: ಕಬ್ಬಿನ ಹಂಗಾಮು, ಚಳಿಗಾಲ ಮತ್ತು ನಮ್ಮ ಕಾರು

ಕಾರು ಓಡಿಸ್ತಾ ಇದ್ದರೆ ಮಾತ್ರ ಓದಬೇಡಿ, ಬರೀ ಕೇಳಿ.

ಇವತ್ತಿನ ಕಥೆ ಒಂದು ಡಿಸೆಂಬರ್ ಬೆಳಗಿನದು. ಬನಹಟ್ಟಿಯಿಂದ ಮುಧೋಳಕ್ಕೆ ಹೊರಟಿದ್ವಿ, ನಾನು ಮತ್ತು ನಮ್ಮ ಕಾಕಾ. ಇನ್ನೂ ಆರು ಗಂಟೆ ಆಗಿರಲಿಲ್ಲ. ಮಹಾಲಿಂಗಪುರ ದಾಟಿದ ಮೇಲೆ ಕಾವಳ ಶುರುವಾಯ್ತು. ಸರಿಯಾಗಿ ಕಾಣ್ಲಿ ಅಂತ ಹೈ ಬೀಮ್ ಹಾಕಿದೆ. ಎದುರಿಗೆ ಬಿಳಿ ಗೋಡೆ ಎದ್ದು ನಿಂತಂಗಾಯ್ತು.

"ಏ ತಮ್ಮಾ, ಮುಂದ ಏನೋ ಐತಿ ನೋಡು!"

ಕಾಕಾ ಕೂಗಿದ್ದೇ ತಡ, ಬ್ರೇಕ್ ಒತ್ತಿದೆ. ಕಾರು ನಿಂತಾಗ ಗಾಜಿನ ಮುಂದೆ ಒಂದು ಮಾರು ದೂರದಲ್ಲಿ ಕಬ್ಬಿನ ತುದಿಗಳು ತೂಗಾಡ್ತಿದ್ವು. ಟ್ರ್ಯಾಕ್ಟರ್ ಹಿಂದೆ ಎರಡು ಟ್ರಾಲಿ. ದೀಪ ಇಲ್ಲ, ಕೆಂಪು ರಿಫ್ಲೆಕ್ಟರೂ ಇಲ್ಲ. ಓಡಿಸುತ್ತಿದ್ದವನಿಗೆ ಹಿಂದೆ ನಾವಿದ್ದದ್ದೇ ಗೊತ್ತಾಗಲಿಲ್ಲ. ಅವನು ತನ್ನ ಪಾಡಿಗೆ ಮುಂದೆ ಹೋದ.

ನಮ್ಮ ಕಾರಿನಲ್ಲಿ ಫಾಗ್ ಲ್ಯಾಂಪ್ ಇತ್ತು. ಏರ್‌ಬ್ಯಾಗ್ ಇತ್ತು, ಟೈರ್ ಹೊಸದಿತ್ತು, ಇಬ್ಬರೂ ಬೆಲ್ಟ್ ಹಾಕಿದ್ವಿ. ಹಂಗಾದ್ರೆ ಕಡಿಮೆ ಆಗಿದ್ದೇನು? ಆ ಪ್ರಶ್ನೆ ಹಿಡಿದು ಹೋದಾಗ ಸಿಕ್ಕ ಇತಿಹಾಸವೇ ಈ ಎಪಿಸೋಡ್.

ಕಾರಿಗೆ ಸಜ್ಜು ಬಂದ ದಾರಿ

ಮೊದಲು ವೈಪರ್. 1903ರ ಹೊತ್ತಿನ ಚಳಿಗಾಲದಲ್ಲಿ ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ನ್ಯೂಯಾರ್ಕಿಗೆ ಹೋಗಿದ್ದರು. ಹಿಮದ ಮಳೆಯಲ್ಲಿ ಗಾಜು ಮುಚ್ಚಿಹೋಗಿ, ಟ್ರಾಮ್ ಚಾಲಕ ಕಿಟಕಿ ತೆರೆದು ನಡುಗುತ್ತಾ ಓಡಿಸುವುದನ್ನು ನೋಡಿದರು. ಒಳಗಿನಿಂದಲೇ ಹಿಡಿಕೆ ತಿರುಗಿಸಿ ಗಾಜು ಒರೆಸುವ ರಬ್ಬರ್ ಪಟ್ಟಿಯನ್ನು ಯೋಚಿಸಿ, ಅದೇ ವರ್ಷ ಪೇಟೆಂಟ್ ಪಡೆದರು. ಮಾರಲು ಹೋದರೆ ಕೆನಡಾದ ಒಂದು ಕಂಪನಿ, ಇದಕ್ಕೆ ವ್ಯಾಪಾರದ ಬೆಲೆ ಇಲ್ಲ ಅಂತ ವಾಪಸ್ ಕಳಿಸಿತು. ಬಿ.ಕಾಂ. ಓದಿದ ನನಗೆ ಇಲ್ಲಿ ಸ್ವಲ್ಪ ನಾಚಿಕೆ ಆಗುತ್ತೆ.

ಆಮೇಲೆ ಸೀಟ್ ಬೆಲ್ಟ್. ಇವತ್ತು ನಾವು ಹಾಕೋ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ತಂದರು. ಕಂಪನಿ ಆ ಪೇಟೆಂಟನ್ನು ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟಿತು.

ಮೂರನೆಯವರು ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಪರ್ಸಿ ಶಾ. ಮಂಜು ಬೀಳುವ ಊರಿನವರು. ಕಾರಿನ ದೀಪ ಬಿದ್ದಾಗ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುವ ಗಾಜಿನ ಗುಂಡನ್ನು ರಸ್ತೆಯ ನಡುವೆ ಕೂರಿಸಿ, 1934ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಊರಿಗೆ ಊರೇ ದೀಪ ಆರಿಸಿ ಕೂತಾಗ ಅದರ ಬೆಲೆ ಎಲ್ಲರಿಗೂ ಗೊತ್ತಾಯ್ತು.

ವೈಪರ್ ಇರೋದು ನಾವು ನೋಡೋಕೆ. ಬೆಲ್ಟ್ ಇರೋದು ನಾವು ಉಳಿಯೋಕೆ. ರಿಫ್ಲೆಕ್ಟರ್ ಇರೋದು ಇನ್ನೊಬ್ಬರಿಗೆ ಕಾಣೋಕೆ. ಮೊದಲ ಎರಡನ್ನು ಕಾರು ಕೊಳ್ಳುವಾಗ ದುಡ್ಡು ಕೊಟ್ಟು ತರಬಹುದು. ಮೂರನೆಯದು ಮಾತ್ರ ಮುಂದಿನ ಗಾಡಿಯವನ ಕೈಯಲ್ಲಿದೆ.

ಕಂದೀಲಿನಿಂದ ಟ್ರಾಲಿಗೆ

ಈಗ ನಮ್ಮ ಊರುಗಳಿಗೆ ಬರೋಣ. ಭಾರತದ ಮೊದಲ ಮೋಟಾರು ವಾಹನ ಕಾಯ್ದೆ ಬಂದಿದ್ದು 1914ರಲ್ಲಿ. ಅದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಇವತ್ತು ಒಂದು ಮುಂಜಾನೆಯಲ್ಲಿ ಸುತ್ತಿ ಬರೋ ನಾಲ್ಕು ಊರುಗಳಲ್ಲಿ ಆವಾಗ ನಾಲ್ಕು ಆಡಳಿತ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ, 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಯ್ತು.

ಆದರೆ ಕಾಯ್ದೆಗಿಂತ ಮೊದಲೇ ನಮ್ಮವರಿಗೆ ಒಂದು ರೂಢಿ ಇತ್ತು. ರಾತ್ರಿ ಚಕ್ಕಡಿ ಹೂಡಿದರೆ ಕೆಳಗೆ ಒಂದು ಕಂದೀಲು ತೂಗು ಹಾಕೋದು. ಎತ್ತಿಗೆ ದಾರಿ ಗೊತ್ತೇ ಇರ್ತಿತ್ತು. ಕಂದೀಲು ಇದ್ದದ್ದು ಹೆಚ್ಚಾಗಿ ಎದುರು ಬರೋರಿಗೆ, ಹಿಂದೆ ಬರೋರಿಗೆ.

ಆಮೇಲೆ ನೀರು ಬಂತು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ರೈತರೇ ದುಡ್ಡು ಕೂಡಿಸಿ, ತಾವೇ ದುಡಿದು ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನ ಬ್ಯಾರೇಜ್ ಸಿದ್ದು ಅಂತಲೇ ಕರೆದರು. ನೀರಿನ ಜೊತೆ ಕಬ್ಬು ಬೆಳೀತು, ಕಬ್ಬಿನ ಜೊತೆ ಕಾರ್ಖಾನೆಗಳೂ ಬೆಳೆದವು. ಗಾಣಕ್ಕೆ ಚಕ್ಕಡಿಯಲ್ಲಿ ಹೋಗ್ತಿದ್ದ ಕಬ್ಬು ಟ್ರಾಲಿ ಏರಿತು. ಈ ದಾರಿಯಲ್ಲಿ ಎಲ್ಲೋ ಕಂದೀಲು ಬಿದ್ದುಹೋಯ್ತು.

ಆ ಸಿದ್ದು ನ್ಯಾಮಗೌಡರು 2018ರ ಮೇ 28ರಂದು, ಜಮಖಂಡಿ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, ತುಳಸಿಗೇರಿ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅದು ಕಬ್ಬಿನ ಹಂಗಾಮಲ್ಲ, ಚಳಿಗಾಲವೂ ಅಲ್ಲ. ಆದರೂ ಈ ರಸ್ತೆಗಳ ಬಗ್ಗೆ ಮಾತಾಡುವಾಗ ನನಗೆ ಅವರ ನೆನಪು ಬರುತ್ತೆ.

ಲೆಕ್ಕ ಯಾರದು?

ಕಬ್ಬು ಅರೆಯುವ ಹಂಗಾಮೂ ಚಳಿಗಾಲವೂ ಕೂಡಿಯೇ ಬರ್ತಾವೆ. ಹೊಳೆ ಸಾಲಿನಲ್ಲಿ ಮಂಜು ದಟ್ಟ ಇರೋ ಹೊತ್ತಿಗೇ ಟ್ರಾಲಿಗಳು ರಸ್ತೆಯಲ್ಲಿರ್ತಾವೆ. ಒಬ್ಬ ಟ್ರ್ಯಾಕ್ಟರ್ ಚಾಲಕರನ್ನು ಕೇಳಿದೆ, ದೀಪ ಯಾಕಿಲ್ಲ ಅಂತ.

"ಹಾಕಿದ್ರ ಎಷ್ಟು ದಿನ ಇರತಾವ್ರಿ? ಕಬ್ಬು ಹೇರೂವಾಗ ಒಡೀತಾವ, ವೈರ್ ಕಿತ್ತು ಹೋಗತೈತಿ. ಇದ್ರೂ ಕಬ್ಬು ಜೋತು ಬಿದ್ದು ಮುಚ್ಚಿಬಿಡತೈತಿ."

ಸುಳ್ಳಲ್ಲ. ಅವರಿಗೆ ಕೂಲಿ ಸಿಗೋದು ಟನ್ ಲೆಕ್ಕದಲ್ಲಿ. ದೀಪ ಹಾಕಿದ್ದಕ್ಕೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡೋದಿಲ್ಲ. ಖರ್ಚು ಟ್ರಾಲಿಯವನದು, ಉಳಿಯೋ ಜೀವ ಕಾರಿನವನದು, ಬೈಕಿನವನದು. ಯಾವ ಲೆಡ್ಜರಿನಲ್ಲೂ ಈ ಎರಡು ಕಲಮುಗಳು ಎದುರುಬದುರು ಕೂರೋದಿಲ್ಲ. ಅದಕ್ಕೇ ಕಾಯ್ದೆ ಬೇಕಾಗೋದು. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳ್ತಾವೆ. ಬ್ಯಾರೇಜ್ ಕಟ್ಟಿದ ವರ್ಷವೇ ಬಂದ ನಿಯಮ.

ಇನ್ನೊಂದು ಲೆಕ್ಕ ಕೇಳಿ. 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡದ್ದು ತಲೆಗೆ ಹೋಗಿ, ಕಾಲು ಬ್ರೇಕ್ ಮೇಲೆ ಬರೋಕೆ ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಹೋಗಿಬಿಟ್ಟಿರ್ತೀವಿ. ಬ್ರೇಕ್ ಹಿಡಿಯೋದು ಅದರ ಮೇಲೆ. ಆವತ್ತು ನನಗೆ 25 ಮೀಟರ್ ದೂರವೂ ಕಾಣ್ತಿರಲಿಲ್ಲ.

ಆ ದಿನ ಮನೆಗೆ ಬಂದು ನಮ್ಮದೇ ಟ್ರಾಲಿಯ ಹಿಂದೆ ಹೋಗಿ ನಿಂತೆ. ಬಲ್ಬಿನ ಜಾಗದಲ್ಲಿ ಬರೀ ತೂತು. ಕಾಕಾನೂ ನೋಡಿದ, ಏನೂ ಮಾತಾಡಲಿಲ್ಲ. ಸಂಜೆ ಪೇಟೆಗೆ ಹೋಗಿ ಕೆಂಪು ರೇಡಿಯಂ ಪಟ್ಟಿಯ ಒಂದು ಸುರುಳಿ ತಂದ.

ಹೊರಡೋ ಮೊದಲು

ಕಾರಿಗೆ ಏನು ಮಾಡಬೇಕು ಅನ್ನೋದು ಸುಲಭ. ಮಂಜಿನಲ್ಲಿ ಹೈ ಬೀಮ್ ಬೇಡ. ನೀರಿನ ಹನಿಗಳು ಆ ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಎಸೀತಾವೆ. ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ಗಾಜು ಒಳಗಿನಿಂದ ಮಬ್ಬಾದರೆ ಚಳಿ ಇದ್ದರೂ ಎ.ಸಿ. ಹಾಕಿ, ಅದು ಒಳಗಿನ ತೇವ ಎಳೀತದೆ. ಥಂಡಿಗೆ ಟೈರಿನ ಗಾಳಿ ಇಳಿಯುತ್ತೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿಸಿ. ಗಟ್ಟಿಯಾದ ವೈಪರ್ ರಬ್ಬರ್ ಬದಲಿಸಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಕಾಣೋ ಅಷ್ಟು ದೂರದಲ್ಲೇ ನಿಲ್ಲಿಸೋಕೆ ಆಗೋ ವೇಗದಲ್ಲಿ ಹೋಗಿ. ಇದೊಂದನ್ನು ಮಾತ್ರ ಅಂಗಡಿಯಲ್ಲಿ ಕೊಳ್ಳೋಕೆ ಆಗೋದಿಲ್ಲ.

ಇನ್ನು ಟ್ರಾಲಿ. ಕೇಳ್ತಿರೋ ನಿಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ನನಗೆ ಗೊತ್ತು. ರೇಡಿಯಂ ಪಟ್ಟಿಗೆ ವೈರ್ ಬೇಡ, ಬ್ಯಾಟರಿ ಬೇಡ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತೆ, ಪರ್ಸಿ ಶಾನ ಗಾಜಿನ ಗುಂಡಿನ ಹಾಗೇ. ಆದರೆ ಕೆಸರು ಮೆತ್ತಿದರೆ ಕೆಲಸ ಮಾಡೋದಿಲ್ಲ, ಒರೆಸಬೇಕು. ಕಬ್ಬು ಮುಚ್ಚದ ಜಾಗದಲ್ಲಿ, ಹಿಂದೆಯೂ ಅಕ್ಕಪಕ್ಕವೂ ಅಂಟಿಸಿ. ಎರಡನೇ ಟ್ರಾಲಿಯನ್ನ ಮರೀಬೇಡಿ, ಹಿಂದೆ ಬರೋನಿಗೆ ಮೊದಲು ಸಿಗೋದು ಅದೇ.

ಚಕ್ಕಡಿ ಕೆಳಗೆ ಕಂದೀಲು ಕಟ್ಟಿದ ಅಜ್ಜನಿಗೆ ಯಾವ ಕಾಯ್ದೆಯೂ ಹೇಳಿಕೊಟ್ಟಿರಲಿಲ್ಲ. ಹಿಂದೆ ಯಾರೋ ಬರ್ತಿರ್ತಾರೆ ಅನ್ನೋದು ಅವನಿಗೆ ಗೊತ್ತಿತ್ತು, ಅಷ್ಟೇ.

ಈ ಎಪಿಸೋಡನ್ನು ನಿಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಕಳಿಸಿ. ಅದಕ್ಕಿಂತ ಮೊದಲು ಒಂದು ಸಲ ಎದ್ದು ಹೋಗಿ ನಿಮ್ಮ ಟ್ರಾಲಿಯ ಹಿಂಭಾಗ ನೋಡಿ ಬನ್ನಿ. ಮತ್ತೆ ಸಿಗೋಣ, ಹುಷಾರಾಗಿ ಹೋಗಿ ಬರ್ರಿ.